ಗ್ರೀನ್ ಕಾರ್ಡ್ ಸಾಕು ಅಂದಿದ್ದ

ಬಂದರಿನ ಮೇಲೆ ಬೆಳಗಿನ ಮಂಜು ಇನ್ನೂ ಕರಗಿರಲಿಲ್ಲ. ಗಾರ್ಗಿ ಊಬರ್ ಇಳಿದು, ಸೂಟ್‌ಕೇಸ್ ಎಳೆದುಕೊಂಡು ಬರುವಾಗ ದೂರದಿಂದಲೇ ಶಿವರಾಜ ಕಂಡ. ಬಿಳಿ ಶರ್ಟು, ಮೊಣಕೈತನಕ ಮಡಿಸಿದ ತೋಳು. ತನಗಿಷ್ಟವೆಂದೇ ಹಾಗೆ ಮಡಿಸಿದ್ದಾನೆ ಎಂದು ಗೊತ್ತಾಗಿ ಅವಳ ಕೆನ್ನೆ ಬೆಚ್ಚಗಾಯಿತು.

ಅವನು ಅವಳನ್ನು ಮುಡಿಯಿಂದ ಅಡಿಯವರೆಗೆ ನೋಡಿದ. ನೋಡುತ್ತಲೇ ಇದ್ದು, ಪಕ್ಕದಲ್ಲಿ ತಾಯಿ ಇರುವುದು ನೆನಪಾದವನಂತೆ ಗಂಟಲು ಸರಿಮಾಡಿಕೊಂಡ.

"ಬನ್ನಿ ಗಾರ್ಗಿಯವರೇ. ಟ್ರಾಫಿಕ್ ಇತ್ತಾ?"

ಬಹುವಚನ! ನಿನ್ನೆ ಫೋನಿನಲ್ಲಿ 'ಏ ಪುಟ್ಟೀ' ಅಂದಿದ್ದ ಬಾಯಿ ಅದು. ಗಾರ್ಗಿ ತುಟಿ ಕಚ್ಚಿಕೊಂಡು ನಗು ತಡೆದಳು.

"ಇಲ್ಲ ಶಿವರಾಜ್ ಅವರೇ, ಆರಾಮಾಗಿ ಬಂದೆ."

"ಅವ್ವಾ, ಇವರು ಗಾರ್ಗಿ. ಹೇಳಿದ್ನಲ್ಲಾ, ನಮ್ಮ ಫ್ರೆಂಡ್ಸ್ ಪೈಕಿ."

ದಾನವ್ವ ಇಳಕಲ್ ಸೀರೆಯ ಮೇಲೆ ಮಗನ ಹಳೇ ಜಾಕೆಟ್ ಹಾಕಿಕೊಂಡು, ಕಾಲಿಗೆ ಬಿಳಿ ಶೂ ಏರಿಸಿದ್ದರು. ಗಾರ್ಗಿಯ ಎರಡೂ ಕೈ ಹಿಡಿದು ಅಲ್ಲಾಡಿಸಿದರು. "ಬಾರವ್ವಾ. ಎಷ್ಟ ಸಣ್ಣಾಕಿ ಅದೀ! ಉಣ್ತಿಯೋ ಇಲ್ಲೋ? ಹಡಗಿನ್ಯಾಗ ನನ್ನ ಬಾಜೂಕ ಕುಂದ್ರು, ನಾ ಉಣಸ್ತೀನಿ."

ಆ ಕೈಗಳ ಬಿಸಿಗೆ ಗಾರ್ಗಿಯ ಎದೆಯೊಳಗೆ ಏನೋ ಸಡಿಲಾಯಿತು. ಮೂರು ವರ್ಷ ಇವರಿಗೇ ಹೆದರಿಕೊಂಡು ಬದುಕಿದ್ದಳಲ್ಲ.

ಗಾರ್ಗಿ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್. ತಾಯಿಯ ಕಣ್ಣಿನ ಆಪರೇಷನ್ ಆದಮೇಲೆ ಡ್ರಾಪ್ಸ್ ಒಯ್ಯಲು ಬಂದ ಶಿವರಾಜ, ಹನಿ ಹಾಕುವ ಕ್ರಮವನ್ನು ಅವಳ ಬಾಯಲ್ಲಿ ಮತ್ತೆ ಮತ್ತೆ ಹೇಳಿಸಿದ್ದ. "ಅರ್ಥ ಆಗ್ಲಿಲ್ವಾ?" ಎಂದು ಅವಳು ಕನ್ನಡದಲ್ಲೇ ಸಿಡುಕಿದಾಗ, "ಮೊದಲನೇ ಸಲಾನೇ ಆಯ್ತು. ನೀವು ಹೇಳೋದು ಕೇಳೋಕೆ ಚೆನ್ನಾಗಿತ್ತು" ಎಂದಿದ್ದ. ಆ ಸಂಜೆ ಕಾಫಿ. ಆಮೇಲೆ ಎಷ್ಟೋ ಸಂಜೆಗಳು.

ಅವಳ ಹಿಂದೆ ಮೈಸೂರಿನಲ್ಲಿ ನಡೆದು, ವರ್ಷ ತುಂಬುವ ಮೊದಲೇ ಮುರಿದುಬಿದ್ದ ಒಂದು ಮದುವೆಯಿತ್ತು. ಅದನ್ನವಳು ಮುಚ್ಚಿಟ್ಟಿರಲಿಲ್ಲ. ಶಿವರಾಜ ಅದನ್ನು ಕೇಳಿ ಅವಳ ಅಂಗೈಗೆ ಮುತ್ತಿಟ್ಟಿದ್ದ. ಮದುವೆಯ ಮಾತು ಬಂದಾಗ ಮಾತ್ರ ಮುಖ ಸಣ್ಣದು ಮಾಡುತ್ತಿದ್ದ. "ಡಿವೋರ್ಸ್ ಆದ ಹುಡುಗಿ ಅಂದ್ರೆ ಅವ್ವ ಎದೆ ಒಡ್ಕೋತಾಳೆ ಗಾರ್ಗಿ. ಹಳ್ಳಿಯವಳು. ಸ್ವಲ್ಪ ಟೈಮ್ ಕೊಡು."

ಅವಳು ಕೊಟ್ಟಳು. ಅವನು ಲಾಸ್ ಗ್ಯಾಟೋಸ್‌ನ ಆಫೀಸಿನಿಂದ ಸೀದಾ ಅವಳ ಪುಟ್ಟ ಅಪಾರ್ಟ್‌ಮೆಂಟಿಗೆ ಬರುತ್ತಿದ್ದ. ಅವಳು ಮಾತ್ರ ಲಾಸ್ ಆಲ್ಟೋಸ್‌ನ ಅವನ ಮನೆಯ ಬೀದಿಯನ್ನೂ ತುಳಿದಿರಲಿಲ್ಲ.

ಹಡಗಿನ ಮಾತು ತೆಗೆದವನು ಅವನೇ. "ಅಲಾಸ್ಕಾ ಕ್ರೂಸ್. ನೀನು ಫ್ರೆಂಡ್ ಅಂತ ಬಾ, ಬೇರೆ ಕ್ಯಾಬಿನ್. ಸುತ್ತ ನೀರು, ಊರಿಂದ ಫೋನ್ ಬರಲ್ಲ, ಎದ್ದುಹೋಗೋಕೆ ಜಾಗ ಇರಲ್ಲ. ಆ ಮೂಡಲ್ಲಿ ಅವ್ವಂಗೆ ಹೇಳ್ತೀನಿ. ಆಮೇಲೆ ನಿನ್ನ ಡೆಕ್ ಮೇಲೆ ಕರ್ಕೊಂಡು ಹೋಗಿ, ಎಲ್ಲರೆದುರು ಕೈ ಹಿಡೀತೀನಿ."

ಕನಸು ಕಂಡಷ್ಟೇ ಬೇಗ ಅವಳಿಗೆ ಚಿಂತೆಯೂ ಹತ್ತಿತ್ತು. "ನನ್ನ ಪಾಸ್‌ಪೋರ್ಟ್ ರಿನ್ಯೂವಲ್‌ಗೆ ಹೋಗಿದೆಯಲ್ಲ ಶಿವೂ. ಇನ್ನೂ ಬಂದಿಲ್ಲ."

"ಯಾಕ್ ಬೇಕೇ ಪಾಸ್‌ಪೋರ್ಟು? ಇಲ್ಲಿಂದ ಹೊರಟು ಇಲ್ಲಿಗೇ ಬರೋ ಹಡಗು. ನೀನು ಪರ್ಮನೆಂಟ್ ರೆಸಿಡೆಂಟ್. ಗ್ರೀನ್ ಕಾರ್ಡ್ ಸಾಕು. ನಾನು ಚೆಕ್ ಮಾಡಿದೀನಿ."

ಬೇರೆಯವರು ಬರೆದ ಡೋಸನ್ನು ಎರಡು ಸಲ ನೋಡದೆ ಒಂದು ಮಾತ್ರೆಯನ್ನೂ ಕೌಂಟರ್ ದಾಟಿಸದ ಹುಡುಗಿ ಇದೊಂದನ್ನು ನೋಡಲಿಲ್ಲ. ಪ್ರೀತಿಸಿದವನ ಮಾತನ್ನು ಯಾರಾದರೂ ಗೂಗಲ್ ಮಾಡಿ ನೋಡುತ್ತಾರೆಯೇ?

ಚೆಕ್-ಇನ್ ಸಾಲು ನಿಧಾನವಾಗಿ ಸರಿಯುತ್ತಿತ್ತು. ಶಿವರಾಜ ಮುಂದೆ, ಅವನ ಬೆನ್ನಿಗೆ ಇವರಿಬ್ಬರು. ಜನ ತಳ್ಳಿದಾಗ ಅವನ ಬೆರಳು ಹಿಂದೆ ಬಂದು ಅವಳ ಕಿರುಬೆರಳನ್ನು ತಾಕಿ ಹೋಯಿತು. ಗಾರ್ಗಿ ಚಾವಣಿ ನೋಡಿದಳು. ಮುಗುಳ್ನಗೆ ಮಾತ್ರ ಮಾತು ಕೇಳಲಿಲ್ಲ.

ದಾನವ್ವ ಕೊರಳಲ್ಲಿ ನೇತಾಡುತ್ತಿದ್ದ ಪ್ಲಾಸ್ಟಿಕ್ ಚೀಲ ಎತ್ತಿ ತೋರಿಸಿದರು. "ನೋಡವ್ವಾ, ಆಕಳಿಗೆ ಗಂಟಿ ಕಟ್ಟಿದಂಗ ಕಟ್ಟಿಬಿಟ್ಟಾನ. ಹಸರ ಕಾರ್ಡು ಐತಿ, ಪಾಸ್‌ಪೋರ್ಟೂ ಐತಿ. ಬರೇ ಹಸರ ಕಾರ್ಡಿಗೆ ಹಡಗ ಹತ್ತಸಂಗಿಲ್ಲಂತ."

"ಏನಂದ್ರಿ ಅಮ್ಮ?"

"ನಡಬರಕ ಕೆನಡಾದಾಗ ನಿಲ್ಲತೈತಂತಲ್ಲ ಹಡಗು? ಅಲ್ಲಿಯವ್ರಿಗೆ ಪಾಸ್‌ಪೋರ್ಟ ಬೇಕ ಬೇಕಂತ. ಶಿವು ಹೋದ ತಿಂಗಳಿಂದ ದಿನಾ ಬಡಕೊಳ್ಳಾಕತ್ತಾನ. ಅವ್ವಾ, ಪಾಸ್‌ಪೋರ್ಟ ಮರೀಬ್ಯಾಡ, ಅದಿಲ್ಲಂದ್ರ ನಿನ್ನ ದಂಡಿ ಮ್ಯಾಲ ಬಿಟ್ಟ ಹೊಕ್ಕಾರ ಅಂತ. ನಿನಗ ಹೇಳಿಲ್ಲೇನು?"

ಗಾರ್ಗಿ ಅವನ ಬೆನ್ನು ನೋಡಿದಳು. ಬಿಳಿ ಶರ್ಟಿನೊಳಗೆ ಆ ಬೆನ್ನು ಗಟ್ಟಿಯಾಯಿತು. ಅವನು ಕೇಳಿಸಿಕೊಂಡಿದ್ದ. ತಿರುಗಲಿಲ್ಲ.

ಒಂದೊಂದೇ ಹೆಜ್ಜೆ ಕೌಂಟರು ಹತ್ತಿರವಾಯಿತು. ಈಗ ತಿರುಗಿಯಾನು, ಈಗ ಏನಾದರೂ ಅಂದಾನು ಎಂದು ಅವಳು ಪ್ರತಿ ಹೆಜ್ಜೆಗೂ ಕಾದಳು. ಅವನು ಅಮೆರಿಕದ ನೀಲಿ ಪಾಸ್‌ಪೋರ್ಟು ತೋರಿಸಿ ಪಕ್ಕಕ್ಕೆ ಸರಿದ. ದಾನವ್ವ ಚೀಲ ಬಿಚ್ಚಿಕೊಟ್ಟರು, ಆಯಿತು. ಗಾರ್ಗಿ ತನ್ನ ಗ್ರೀನ್ ಕಾರ್ಡನ್ನು ಕೌಂಟರಿನ ಮೇಲಿಟ್ಟಳು.

ಕೌಂಟರಿನ ಹೆಂಗಸು ಅವಳತ್ತ ನೋಡಿ ನಕ್ಕಳು. "ಪಾಸ್‌ಪೋರ್ಟ್, ಡಿಯರ್?"

"ಇಲ್ಲ. ರಿನ್ಯೂವಲ್‌ಗೆ ಹೋಗಿದೆ."

ನಗು ಮಾಸಿತು. ಅಮೆರಿಕದೊಳಗೆ ಮರಳಿ ಬರಲು ಈ ಕಾರ್ಡು ನಡೆಯುತ್ತದೆ, ಆದರೆ ಹಡಗು ವಿಕ್ಟೋರಿಯಾದಲ್ಲಿ ನಿಲ್ಲುತ್ತದೆ, ಕೆನಡಾ ನಿಮ್ಮ ದೇಶದ ಪಾಸ್‌ಪೋರ್ಟ್ ಕೇಳುತ್ತದೆ, ಅದಿಲ್ಲದೆ ನಾವು ಹತ್ತಿಸುವ ಹಾಗಿಲ್ಲ, ಎಂದು ಮೆಲ್ಲಗೆ ಹೇಳಿದಳು. ಫೋನಿನಲ್ಲಿರುವ ಫೋಟೋ ನಡೆಯುವುದಿಲ್ಲ. ಹಳೆಯದರ ಕಾಪಿ ನಡೆಯುವುದಿಲ್ಲ. "ಐ ಆಮ್ ಸೋ ಸಾರಿ."

"ಅಯ್ಯೋ," ಎಂದ ಶಿವರಾಜ.

ಆ ಅಯ್ಯೋದಲ್ಲಿ ಆಶ್ಚರ್ಯವೇ ಇರಲಿಲ್ಲ.

ದಾನವ್ವನನ್ನು ಕುರ್ಚಿಯೊಂದರಲ್ಲಿ ಕೂರಿಸಿ, ಅವನು ಗಾರ್ಗಿಯನ್ನು ಕಂಬದ ಮರೆಗೆ ಕರೆದೊಯ್ದ.

"ಗೊತ್ತಿತ್ತಾ ನಿಂಗೆ?"

"ಇಲ್ಲಿ ಬೇಡ ಗಾರ್ಗಿ."

"ಗೊತ್ತಿತ್ತಾ?"

"ಬುಕ್ ಮಾಡಿದಾಗ ಗೊತ್ತಿರ್ಲಿಲ್ಲ. ಅವ್ವನ ಪೇಪರ್ಸ್ ರೆಡಿ ಮಾಡೋವಾಗ ಗೊತ್ತಾಯ್ತು."

"ಆಮೇಲೆ ದಿನಾ ಮಾತಾಡಿದ್ವಲ್ಲ ಶಿವೂ? ನಾನು ಹೊಸ ಸೀರೆ ತೋರಿಸ್ದೆ ನಿಂಗೆ. ಆ ಡೆಕ್ ಮೇಲೆ ಉಟ್ಕೋತೀನಿ ಅಂತ."

ಅವನ ಕಣ್ಣು ತುಂಬಿದವು. ಅವನ ಕಣ್ಣು ತುಂಬಿದಾಗ ಅವಳಿಗೆ ತನ್ನ ಸಿಟ್ಟೇ ತಪ್ಪೆನಿಸುತ್ತಿತ್ತು. "ನೀನು ಎದುರಿಗಿದ್ರೆ ನಂಗೆ ಬಾಯೇ ಬರಲ್ಲ. ದಿನ ಹತ್ರ ಬಂದಹಾಗೆ ಹೆದರಿಕೆ ಆಯ್ತು. ಬರಬೇಡ ಅಂದಿದ್ರೆ ನೀನು ನನ್ನ ಬಿಟ್ಟೇ ಬಿಡ್ತಿದ್ದೆ."

ಅದಕ್ಕೇ ತಾನು ಹೇಳಬೇಕಾದ 'ಬೇಡ'ವನ್ನು ಕೌಂಟರಿನ ಅಪರಿಚಿತಳ ಬಾಯಲ್ಲಿ ಹೇಳಿಸಿದ್ದ.

"ಒಬ್ನೇ ಇದ್ರೆ ನಿಧಾನವಾಗಿ ಹೇಳ್ತೀನಿ. ವಾಪಸ್ ಬರೋಷ್ಟ್ರಲ್ಲಿ ಎಲ್ಲಾ ಸರಿ ಮಾಡಿರ್ತೀನಿ. ನಿನ್ನಾಣೆ ಗಾರ್ಗಿ. ಇದೊಂದು ಸಲ ನಂಬು."

ಹೆಬ್ಬೆರಳಿನಿಂದ ಅವಳ ಕೆನ್ನೆ ಒರೆಸಿದ. ಒರೆಸುತ್ತಲೇ ಭುಜದ ಮೇಲಿಂದ ಹಿಂದೆ ಕಣ್ಣು ಹಾಯಿಸಿದ, ಅವ್ವ ನೋಡುತ್ತಿಲ್ಲ ತಾನೇ ಎಂದು. ಆ ಕಣ್ಣೋಟ ಅವಳಿಗೆ ಹೊಡೆದಂತಾಯಿತು. ಆದರೂ ಕೆನ್ನೆ ಕದಲಲಿಲ್ಲ, ಅವನ ಬೆರಳಿಗೆ ಒತ್ತಿಕೊಂಡೇ ಇತ್ತು.

ಹಡಗು ಹೊರಟಾಗ ಗಾರ್ಗಿ ದಂಡೆಯ ಮೇಲೆ ಸೂಟ್‌ಕೇಸಿನ ಪಕ್ಕ ನಿಂತಿದ್ದಳು. ಎತ್ತರದ ಡೆಕ್ಕಿನಿಂದ ದಾನವ್ವ ಎರಡೂ ಕೈ ಎತ್ತಿ ಬೀಸುತ್ತಿದ್ದರು. ಶಿವರಾಜ ಒಂದು ಕೈ ಎತ್ತಿ, ಅರ್ಧಕ್ಕೇ ಇಳಿಸಿದ.

ಮರುದಿನ ಆಸ್ಪತ್ರೆಯಲ್ಲಿ ಅವಳನ್ನು ಕಂಡ ಸ್ನೇಹಲ್, ಪಕ್ಕದ ಕೌಂಟರಿನ ಗೆಳತಿ, ಹುಬ್ಬೇರಿಸಿದಳು. "ಏನೇ, ರಜೆ ಅಲ್ವಾ ನಿಂಗೆ? ಹಡಗು ಮುಳುಗ್ತಾ?"

"ಡಾಕ್ಯುಮೆಂಟ್ ಪ್ರಾಬ್ಲಮ್. ನಂದೇ ತಪ್ಪು."

ಹಾಗೆ ಹೇಳಿದ್ದು ಯಾಕೆಂದು ಅವಳಿಗೇ ಗೊತ್ತಿರಲಿಲ್ಲ. ಅವನ ಮರ್ಯಾದೆ ಕಾಪಾಡುವುದು ಅಭ್ಯಾಸವಾಗಿಹೋಗಿತ್ತು.

ಹಡಗಿನಿಂದ ಫೋಟೋಗಳು ಬಂದವು. ಮಂಜಿನ ಗುಡ್ಡ, ತಿಮಿಂಗಿಲದ ಬಾಲ, ಐಸ್‌ಕ್ರೀಮ್ ತಿನ್ನುವ ದಾನವ್ವ. 'ಇವತ್ತು ಹೇಳ್ತೀನಿ' ಎಂದು ಒಂದು ದಿನ. 'ಇವತ್ತು ಅವ್ವಂಗೆ ತಲೆನೋವು' ಎಂದು ಮರುದಿನ. ನಡುವೆ ಒಂದು ಮಧ್ಯಾಹ್ನ ಅವಳ ಹೊಸ ಪಾಸ್‌ಪೋರ್ಟು ಅಂಚೆಯಲ್ಲಿ ಬಂತು. ಗಾರ್ಗಿ ಕವರನ್ನೂ ಹರಿಯದೆ ಡ್ರಾಯರಿಗೆ ಹಾಕಿದಳು.

ಪ್ರಯಾಣ ಮುಗಿಯುವ ಮುನ್ನಾದಿನ ಒಂದು ಮೆಸೇಜು: 'ನಿನ್ನ ಬಗ್ಗೆ ಮಾತಾಡಿದ್ವಿ. ಅವ್ವಂಗೆ ನೀನು ತುಂಬಾ ಇಷ್ಟ ಆಗಿದೀಯ. ಬಂದು ಎಲ್ಲಾ ಹೇಳ್ತೀನಿ. ಲವ್ ಯೂ.'

ಗಾರ್ಗಿ ಅಡುಗೆಮನೆಯಲ್ಲಿ ನಿಂತು ಅದನ್ನು ಜೋರಾಗಿ ಓದಿಕೊಂಡಳು. ಆಮೇಲೆ ನೆಲದ ಮೇಲೆ ಕೂತು ಅತ್ತುಬಿಟ್ಟಳು, ಸುಖಕ್ಕೆ. ಎಲ್ಲವನ್ನೂ ಕ್ಷಮಿಸಿದಳು. 'ನಾನೇ ಕರ್ಕೊಂಡು ಹೋಗೋಕೆ ಬರ್ತೀನಿ' ಎಂದು ಬರೆದಳು. 'ಬೇಡ, ತೊಂದರೆ ಯಾಕೆ' ಎಂದು ಅವನಿಂದ ಉತ್ತರ ಬಂದದ್ದನ್ನು ನಾಚಿಕೆ ಎಂದುಕೊಂಡಳು.

ಹಸಿರು ಚೂಡಿದಾರ್ ಹಾಕಿ, ಮಲ್ಲಿಗೆ ಸಿಗದ ಊರಿನಲ್ಲಿ ಒಂದು ಗುಲಾಬಿ ಮುಡಿದು, ಅವಳು ಬಂದರಿಗೆ ಹೋದಳು. ಅವಳನ್ನು ಕಂಡ ಶಿವರಾಜನ ಮುಖದಲ್ಲಿ ರಕ್ತವಿರಲಿಲ್ಲ. "ಬ್ಯಾಗ್ ತರ್ತೀನಿ" ಎಂದು ಹೇಳಿ ಸರಸರನೆ ಒಳಗೆ ನಡೆದುಬಿಟ್ಟ.

ದಾನವ್ವ ಮಾತ್ರ ಅವಳನ್ನು ಅಪ್ಪಿಕೊಂಡು, ಪಕ್ಕದ ಬೆಂಚಿನ ಮೇಲೆ ಕೂರಿಸಿಕೊಂಡರು.

"ಒಂದ ಮಾತ ಕೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ ಯವ್ವಾ. ಆವತ್ತ ನೀ ದಂಡಿ ಮ್ಯಾಲ ಒಬ್ಬಾಕಿನ ನಿಂತಿದ್ದಿ ನೋಡು, ನನ್ನ ಕರಳ ಚುರ್ ಅಂತು. ಹಡಗಿನ್ಯಾಗ ದಿನಾ ಶಿವೂಗ ಅಂದೆ, ಮಾಡ್ಕೊಂಡ್ರ ಇಂಥಾ ಹುಡುಗೀನ್ನ ಮಾಡ್ಕೋಬೇಕೋ ಅಂತ."

ಗಾರ್ಗಿ ಅವರತ್ತ ತಿರುಗಿದಳು. "ಅವರು ಏನಂದ್ರು ಅಮ್ಮ?"

"ಅಕಿಗೆ ಮೊದಲ ಒಂದ ಲಗ್ನ ಆಗಿ ಬಿಟ್ಟೈತವ್ವಾ ಅಂದ. ಆದ್ರ ಏನಾತೋ, ನಾ ನಿಮ್ಮಪ್ಪಗ ಉಡಿಕಿ ಆಗಿ ಬಂದಾಕಿ ಅಲ್ಲೇನು ಅಂದೆ." ದಾನವ್ವ ನಕ್ಕರು. "ನಿಮ್ಮ ಮೈಸೂರ ಕಡೆ ಉಡಿಕಿ ಅಂದ್ರ ತಿಳೀತೈತೋ ಇಲ್ಲೋ. ನನ್ನ ಮೊದಲಿನ ಗಂಡ ಹಾವ ಕಡದು ಸತ್ತಾಗ ನಾ ಇನ್ನಾ ಸಣ್ಣಾಕಿ. ಶಿವೂನ ಅಪ್ಪ ಹೊಸಾ ಸೀರಿ ಉಡಿಸಿ ಮತ್ತ ಲಗ್ನಾ ಮಾಡ್ಕೊಂಡ್ರು. ಅವರಿರೂತನಕ ಬಂಗಾರದಂಥಾ ಬಾಳೇವು ಮಾಡಿದ್ವಿ. ಶಿವೂಗ ಇದು ಸಣ್ಣಾಂವಿದ್ದಾಗಿಂದ ಗೊತ್ತೈತಿ."

ಮೂರು ವರ್ಷ. 'ಹಳ್ಳಿಯವಳು, ಎದೆ ಒಡ್ಕೋತಾಳೆ.' ಗಾರ್ಗಿಯ ಕಿವಿಯಲ್ಲಿ ಆ ಮಾತು ಅವನದೇ ದನಿಯಲ್ಲಿ ಕೇಳಿಸಿತು. ಅವನು ಹೆದರಿದ್ದು ಅವ್ವ ಬೇಡ ಅಂದಾಳೆಂದಲ್ಲ, ಹೂಂ ಅಂದುಬಿಟ್ಟಾಳೆಂದು.

"ಮತ್ತ ಅಂದ," ದಾನವ್ವ ದನಿ ತಗ್ಗಿಸಿದರು, "ಅಕಿಗೆ ಬ್ಯಾರೆ ಹುಡುಗ ಅದಾನ, ಅವನ್ನ ಲಗ್ನ ಆಗಾಕಿ, ನೀ ಸುಮ್ನಿರವ್ವಾ ಅಂದ. ಖರೇ ಏನವ್ವಾ?"

ಆಗಲೇ ಶಿವರಾಜ ಸೂಟ್‌ಕೇಸುಗಳ ಗಾಡಿ ತಳ್ಳಿಕೊಂಡು ಅವರೆದುರು ಬಂದು ನಿಂತಿದ್ದ. ಕೊನೆಯ ಮಾತು ಅವನಿಗೆ ಪೂರ್ತಿ ಕೇಳಿಸಿತ್ತು.

ಗಾರ್ಗಿ ತಲೆಯೆತ್ತಿ ಅವನನ್ನೇ ನೋಡಿದಳು. ಕೇಳುವವರು ಎದುರಿಗಿದ್ದರು, ಒಪ್ಪಿಗೆ ಮೊದಲೇ ಸಿಕ್ಕಿತ್ತು. 'ಆ ಹುಡುಗ ನಾನೇ ಅವ್ವಾ' ಎಂಬ ಒಂದು ಮಾತು ಸಾಕಿತ್ತು. ಅಂದುಬಿಡಲಿ ಎಂದು ಅವಳು ಇಡೀ ಜೀವ ಕಣ್ಣಿಗೆ ತಂದುಕೊಂಡು ಕಾದಳು. ಅಂದಿದ್ದರೆ ಆಗಲೂ ಅವನವಳಾಗುತ್ತಿದ್ದಳು.

ಶಿವರಾಜ ಬಗ್ಗಿ ಸೂಟ್‌ಕೇಸಿನ ಪಟ್ಟಿ ಬಿಗಿ ಮಾಡತೊಡಗಿದ. ಅದು ಮೊದಲೇ ಬಿಗಿಯಾಗಿತ್ತು.

"ನಿಜ ಅಮ್ಮ," ಎಂದಳು ಗಾರ್ಗಿ. "ಅವರು ಹೇಳಿದ್ದು ನಿಜ."

ಬಗ್ಗಿದ್ದವನ ಕೈ ನಿಂತಿತು.

ಲಾಸ್ ಆಲ್ಟೋಸ್‌ಗೆ ಅವಳೇ ಕಾರು ಓಡಿಸಿದಳು. ಅವರನ್ನು ಬಂದರಿನಲ್ಲೇ ಬಿಟ್ಟುಬಿಡಬಹುದಿತ್ತು. ಬಿಡಲಿಲ್ಲ. ದಾನವ್ವ ಪಕ್ಕದಲ್ಲಿ, ಶಿವರಾಜ ಹಿಂದೆ. ಫ್ರೀವೇ ಸೇರುತ್ತಲೇ ದಾನವ್ವ ಕೇಳಿದರು, "ಹೆಂಗದಾನ ನಿನ್ನ ಹುಡುಗ?"

"ಒಳ್ಳೆಯವರು ಅಮ್ಮ. ಬಿಳಿ ಶರ್ಟು ಹಾಕಿದ್ರೆ ತುಂಬಾ ಚೆನ್ನಾಗಿ ಕಾಣ್ತಾರೆ." ಗಾರ್ಗಿ ಕನ್ನಡಿಯಲ್ಲಿ ಹಿಂದಿನ ಸೀಟು ನೋಡಿದಳು. "ನನ್ನ ಹಳೇ ಮದುವೆ ವಿಷಯ ಹೇಳಿದಾಗ ಅಂಗೈಗೆ ಮುತ್ತು ಕೊಟ್ರು."

"ಅವರ ತಾಯಿಗೆ ಒಪ್ಪಿಗಿ ಐತೇನು?"

"ಮೊದಲನೇ ವಾರವೇ ಹೇಳಿದ್ರಂತೆ ಅವರಮ್ಮಂಗೆ. ಒಂದು ದಿನಾನೂ ನನ್ನ ಮುಚ್ಚಿಟ್ಟಿಲ್ಲ. ಎಲ್ಲರೆದುರು ಕೈ ಹಿಡೀತಾರೆ. ಸುಳ್ಳು ಹೇಳೋಕೆ ಬರಲ್ಲ ಅವರಿಗೆ."

"ಪುಣ್ಯಾ ಮಾಡಿದ್ದಿ ಬಿಡು."

"ಹೂಂ ಅಮ್ಮ. ಅಂಥವರು ಎಲ್ಲಿ ಸಿಗ್ತಾರೆ?"

ಕನ್ನಡಿಯಲ್ಲಿ ಶಿವರಾಜ ಕಣ್ಣು ಮುಚ್ಚಿಕೊಂಡಿದ್ದ. ರೆಪ್ಪೆಯ ಕೆಳಗಿಂದ ನೀರು ಇಳಿದು ಗಲ್ಲಕ್ಕೆ ಬಂದಿತ್ತು. ಅವಳಿಗೆ ಅವನ ಮೇಲೆ ಕರುಣೆ ಬರಲಿಲ್ಲ. ಆದರೆ ಹೇಳುತ್ತ ಹೇಳುತ್ತ ಅವಳಿಗೇ ತಿಳಿಯಿತು. ಆ ಇಲ್ಲದ ಹುಡುಗನನ್ನೇ ಅವಳು ಇಷ್ಟು ದಿನ ಪ್ರೀತಿಸಿದ್ದಳು.

ಮನೆ ಮುಂದೆ ಇಳಿಸಿ ಹೊರಡಲು ದಾನವ್ವ ಬಿಡಲಿಲ್ಲ. ಕೈ ಹಿಡಿದು ಒಳಗೆ ಎಳೆದೊಯ್ದು ದೇವರ ಕೋಣೆಯೆದುರು ನಿಲ್ಲಿಸಿದರು. ಗಾರ್ಗಿ ಆ ಮನೆಯ ಹೊಸ್ತಿಲು ದಾಟಿದ್ದು ಅದೇ ಮೊದಲು.

"ಲಗ್ನ ಆಗೋ ಹುಡುಗಿ ಬರೇ ಉಡೀಲೇ ಹೋಗಬಾರದು. ಗಂಡ ಇಲ್ಲದಾಕಿ ಉಡಿ ತುಂಬಬಾರದಂತಾರ. ನಾ ಅದನ್ನೆಲ್ಲಾ ನಂಬಂಗಿಲ್ಲ, ನಿನಗ ನಡೀತೈತಿಲ್ಲೋ?"

"ನಡೆಯುತ್ತಮ್ಮ."

"ಶಿವೂ, ಒಳಗಿಂದ ಅಕ್ಕಿ ತಾರೋ. ಬೆಲ್ಲಾ, ಕೊಬ್ಬರಿ ಬಟ್ಟಲಾ."

ಅವನು ಸ್ಟೀಲಿನ ತಟ್ಟೆಯಲ್ಲಿ ಅಕ್ಕಿ ತಂದ. ದಾನವ್ವ ಹೊಸ ರವಿಕೆ ಕಣ ಹುಡುಕಲು ಬೀರುವಿನ ಕಡೆ ತಿರುಗಿದಾಗ ಅವನು ಪಿಸುಗುಟ್ಟಿದ. "ಗಾರ್ಗಿ, ನಾಳೆ ಹೇಳ್ತೀನಿ. ಎಲ್ಲಾ ಹೇಳ್ತೀನಿ. ಪ್ಲೀಸ್."

"ಇಲ್ಲೇ ಇದ್ದಾರಲ್ಲ," ಎಂದಳು ಅವಳು, ದನಿ ತಗ್ಗಿಸದೆ. "ಈಗ ಹೇಳು."

ದಾನವ್ವ ತಿರುಗಿದರು. "ಏನೋ ಅದು?"

ಅವನ ಬಾಯಿ ತೆರೆಯಿತು. ಗಾರ್ಗಿ ಅವನ ತುಟಿಗಳನ್ನು ನೋಡಿದಳು, ತನಗೆ ಅಷ್ಟು ಗೊತ್ತಿದ್ದ ತುಟಿಗಳನ್ನು.

"ಏನಿಲ್ಲವ್ವಾ," ಎಂದ ಶಿವರಾಜ. "ಅಕ್ಕಿ ಇಷ್ಟ ಸಾಕೇನು ಅಂತ ಕೇಳಿದೆ."

ಗಾರ್ಗಿ ಹಸಿರು ದುಪಟ್ಟಾದ ಸೆರಗು ಚಾಚಿದಳು. ದಾನವ್ವ ಬೊಗಸೆ ಬೊಗಸೆಯಾಗಿ ಅಕ್ಕಿ ಹಾಕಿದರು, ಮೇಲೆ ಬೆಲ್ಲ, ಕೊಬ್ಬರಿ, ರವಿಕೆ ಕಣ ಇಟ್ಟು, ಹಣೆಗೆ ಕುಂಕುಮ ಹಚ್ಚಿದರು. "ಗಂಡನ ಕೂಡ ನೂರು ವರ್ಷ ಬಾಳು. ಲಗ್ನಕ್ಕ ನಮ್ಮನ್ನ ಕರೀಬೇಕ ಮತ್ತ, ಮರೀಬ್ಯಾಡ."

ಗಾರ್ಗಿ ಬಗ್ಗಿ ಅವರ ಕಾಲು ಮುಟ್ಟಿದಳು. ಆಗ ಮಾತ್ರ ಅಳು ಬಂತು. ಮದುವೆಯಾಗುವ ಹುಡುಗಿಯ ಅಳು ಎಂದುಕೊಂಡು ದಾನವ್ವ ಅವಳ ತಲೆ ಸವರಿದರು.

ಕಾರಿನಲ್ಲಿ ಕೂತು ಉಡಿಯನ್ನು ಗಂಟು ಕಟ್ಟಿ ತೊಡೆಯ ಮೇಲಿಟ್ಟುಕೊಂಡಳು, ಒಂದು ಕಾಳೂ ಚೆಲ್ಲದಂತೆ. ಕಾರು ತಿರುಗಿಸುವಾಗ ನೋಡಿದರೆ ದಾನವ್ವ ಬಾಗಿಲಲ್ಲಿ ನಿಂತು ಎರಡೂ ಕೈ ಬೀಸುತ್ತಿದ್ದರು. ಅವರ ಮಗ, ಖಾಲಿ ತಟ್ಟೆ ಹಿಡಿದುಕೊಂಡು, ಒಳಗೆ ಹೋಗಿಬಿಟ್ಟಿದ್ದ.